ಕೊಳಗ ಯಾರ ಕೈಯಲ್ಲಿ? ಪಕ್ಷದೊಳಗಿನ ಭಿನ್ನಮತ ಮತ್ತು ಮೂಲತತ್ವದ ಲೆಕ್ಕ

ಸಾಗರ ಸೀಮೆಯ ಹಳೆಯ ಮನೆಗಳ ಅಟ್ಟದಲ್ಲಿ ಈಗಲೂ ಭತ್ತ ಅಳೆಯುವ ಪಾತ್ರೆ, ಕೊಳಗ, ಸಿಗುತ್ತದೆ. ನಾನು ಕೈಗೆತ್ತಿಕೊಂಡು ನೋಡಿದ ಒಂದಕ್ಕೆ ಬಾಯಿಯ ಸುತ್ತ ಕಬ್ಬಿಣದ ಪಟ್ಟಿ ಇತ್ತು. ಎಷ್ಟೋ ಸುಗ್ಗಿಗಳ ಕೈಯಾಡಿ ಅದರ ಅಂಚು ನುಣುಪಾಗಿತ್ತು. ಭತ್ತ ಅಳೆಯುವುದರಲ್ಲಿ ಎರಡು ಬಗೆ ಇದೆ ಎಂದು ಆ ಮನೆಯ ಅಜ್ಜಿ ತೋರಿಸಿಕೊಟ್ಟರು. ಬಾಯಿಮಟ್ಟಕ್ಕೆ ಅಂಗೈ ಎಳೆದು ಸಮ ಮಾಡಿ ಅಳೆಯುವುದು ಒಂದು, ಮೇಲೆ ಗೋಪುರ ನಿಲ್ಲಿಸಿ ಅಳೆಯುವುದು ಇನ್ನೊಂದು. ಎಣಿಕೆ ಎರಡಕ್ಕೂ ಒಂದೇ: ಒಂದು ಎನ್ನುವ ಬದಲು ಲಾಭ, ಆಮೇಲೆ ಎರಡು, ಮೂರು. ಲೆಕ್ಕದ ಪುಸ್ತಕದಲ್ಲಿ ಹತ್ತು ಕೊಳಗ ಎಂದೇ ಬರೆದಿರುತ್ತದೆ. ಆ ಹತ್ತು ಯಾವ ಬಗೆಯ ಹತ್ತು ಎಂಬುದು ಕಣದಲ್ಲಿ ನಿಂತವರಿಗೆ ಮಾತ್ರ ಗೊತ್ತು.

1951ರ ಏಪ್ರಿಲ್‌ನಲ್ಲಿ ಕಾಗೋಡಿನ ಗೇಣಿದಾರರು ಸಿಡಿದೆದ್ದದ್ದಕ್ಕೆ ಈ ಕೊಳಗವೇ ಕಾರಣ. ಗೇಣಿ ಕೊಡುವುದಿಲ್ಲ ಎಂದು ಅವರು ಮೊದಲ ದಿನವೇ ಹೇಳಿದವರಲ್ಲ. ಗೇಣಿ ಅಳೆಯುವ ಕೊಳಗ ದೊಡ್ಡದು, ಅದು ಒಡೆಯರ ಕೈಯಲ್ಲಿದೆ, ನ್ಯಾಯವಾದ ಅಳತೆ ಬೇಕು ಎಂದರು. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘ ಬೆನ್ನಿಗಿತ್ತು. ಹೋರಾಟವನ್ನು ಸಮಾಜವಾದಿ ಪಕ್ಷ ಕೈಗೆತ್ತಿಕೊಂಡಿತು, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವನೇ ಹೊಲದೊಡೆಯನಾಗಬೇಕು ಎಂಬ ಮಾತು ಈ ನಾಡಿನಲ್ಲಿ ಬಲ ಪಡೆದದ್ದು ಅಳತೆಯ ಆ ಜಗಳದಿಂದ.

ಎಪ್ಪತ್ತು ವರ್ಷ ದಾಟಿದ ಈ ಕಥೆಯನ್ನು ಈಗ ತೆಗೆಯಲು ಕಾರಣವಿದೆ. ನಮ್ಮ ಜಿಲ್ಲೆಯ ಯಾವ ಪಕ್ಷದ ಕಾರ್ಯಕರ್ತರ ಜೊತೆ ಕುಳಿತರೂ ಸ್ವಲ್ಪ ಹೊತ್ತಿಗೆ ಒಂದೇ ನೋವು ಹೊರಬರುತ್ತದೆ. ಪಕ್ಷದಲ್ಲಿ ಭಿನ್ನವಾಗಿ ಮಾತನಾಡಿದರೆ ಶಿಸ್ತು ಉಲ್ಲಂಘನೆ ಎನ್ನುತ್ತಾರೆ. ನಿನ್ನೆಯವರೆಗೆ ನಮ್ಮ ತತ್ವವನ್ನೇ ಹಳಿಯುತ್ತಿದ್ದವರಿಗೆ ಇಂದು ಹಾರ ಹಾಕಿ ಬರಮಾಡಿಕೊಳ್ಳುತ್ತಾರೆ. ಯಾವುದು ಶಿಸ್ತು, ಯಾವುದು ತತ್ವ? ನಾನಾ ಅಭಿಪ್ರಾಯದವರನ್ನು ಒಳಗಿಟ್ಟುಕೊಂಡೂ ಪಕ್ಷವೊಂದು ತನ್ನ ತಿರುಳನ್ನು ಉಳಿಸಿಕೊಳ್ಳುವುದು ಹೇಗೆ? ಇಲ್ಲೂ ಜಗಳ ಅಳತೆಯದೇ ಎಂದು ನನಗೆ ಅನ್ನಿಸುತ್ತದೆ. ಪಕ್ಷಕ್ಕೆ ಯಾರು ನಿಷ್ಠರು, ಯಾರು ಅಲ್ಲ ಎಂದು ಅಳೆಯುವ ಕೊಳಗ ನಾಯಕರ ಮನೆಯಲ್ಲಿದೆ. ಕಾರ್ಯಕರ್ತನಿಗೆ ಅಳೆಯುವಾಗ ಗೋಪುರ ನಿಲ್ಲಿಸುತ್ತಾರೆ, ತಮಗೆ ಅಳೆದುಕೊಳ್ಳುವಾಗ ಅಂಗೈ ಎಳೆಯುತ್ತಾರೆ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಮಿನ ಪ್ರಕಾರ ನೋಂದಣಿ ಬಯಸುವ ಪ್ರತಿಯೊಂದು ಪಕ್ಷವೂ ಸಂವಿಧಾನಕ್ಕೆ, ಸಮಾಜವಾದ, ಜಾತ್ಯತೀತತೆ ಮತ್ತು ಪ್ರಜಾಪ್ರಭುತ್ವದ ತತ್ವಗಳಿಗೆ ನಿಷ್ಠವಾಗಿರುತ್ತೇನೆ ಎಂದು ತನ್ನ ನಿಯಮಾವಳಿಯಲ್ಲೇ ಬರೆದುಕೊಡಬೇಕು. ಅಂದರೆ ಕಾಗದದ ಮೇಲೆ ಶಿವಮೊಗ್ಗದ ಎಲ್ಲ ಪಕ್ಷಗಳೂ ಸಮಾಜವಾದಿ, ಎಲ್ಲವೂ ಜಾತ್ಯತೀತ. ಬರೆದುಕೊಟ್ಟ ಮಾತನ್ನು ಮುರಿದರೆ? ಆ ಕಾರಣಕ್ಕೆ ನೋಂದಣಿ ರದ್ದು ಮಾಡುವ ಅಧಿಕಾರ ಚುನಾವಣಾ ಆಯೋಗಕ್ಕೆ ಇಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ಪಕ್ಷಗಳ ಒಳಗೆ ಪ್ರಜಾಪ್ರಭುತ್ವವನ್ನು ಕಡ್ಡಾಯ ಮಾಡಬೇಕೆಂದು ಕಾನೂನು ಆಯೋಗ 1999ರ ತನ್ನ 170ನೇ ವರದಿಯಲ್ಲಿ ಶಿಫಾರಸು ಮಾಡಿತ್ತು, ಅದು ಕಾಯ್ದೆಯಾಗಲಿಲ್ಲ. ಪಕ್ಷದ ತತ್ವವನ್ನು ಹೊರಗಿನಿಂದ ಕಾಯುವವರು ಯಾರೂ ಇಲ್ಲ. ಕಾದರೆ ಒಳಗಿನ ಸದಸ್ಯರೇ ಕಾಯಬೇಕು.

ಆ ಒಳಗಿನವರ ಬಾಯಿ ಕಟ್ಟಿದ್ದು ಇನ್ನೊಂದು ಕಾನೂನು. ಪಕ್ಷಾಂತರದ ಪಿಡುಗಿಗೆ ಮದ್ದು ಎಂದು 1985ರಲ್ಲಿ ಸಂವಿಧಾನದ 52ನೇ ತಿದ್ದುಪಡಿ ಬಂತು, ಹತ್ತನೇ ಅನುಸೂಚಿ ಸೇರಿತು. ವಿಪ್ ಅನ್ನು, ಅಂದರೆ ಸದನದಲ್ಲಿ ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶವನ್ನು, ಉಲ್ಲಂಘಿಸಿದ ಶಾಸಕ ಸ್ಥಾನ ಕಳೆದುಕೊಳ್ಳುತ್ತಾನೆ. ಇದರ ಸಿಂಧುತ್ವವನ್ನು 1992ರಲ್ಲಿ ಕಿಹೋಟೊ ಹೊಲ್ಲೊಹಾನ್ ಪ್ರಕರಣದಲ್ಲಿ ಎತ್ತಿಹಿಡಿಯುವಾಗ ಸುಪ್ರೀಂ ಕೋರ್ಟ್ ಒಂದು ಅಮೂಲ್ಯವಾದ ಗೆರೆಯನ್ನು ಎಳೆದಿತ್ತು. ಸ್ಥಾನವನ್ನೇ ಕಳೆಯುವಂಥ ವಿಪ್ ವಿಶ್ವಾಸಮತ, ಅವಿಶ್ವಾಸಮತಕ್ಕೆ ಅಥವಾ ಯಾವ ನೀತಿ, ಕಾರ್ಯಕ್ರಮವನ್ನು ಮುಂದಿಟ್ಟು ಪಕ್ಷ ಮತ ಕೇಳಿತ್ತೋ ಅದರ ತಿರುಳಿಗೆ ಸಂಬಂಧಿಸಿದ ಮತದಾನಕ್ಕೆ ಸೀಮಿತವಾಗಿರಬೇಕು ಎಂಬುದು ಆ ಗೆರೆ. ಸರ್ಕಾರದ ಉಳಿವು ಮತ್ತು ಜನರಿಗೆ ಕೊಟ್ಟ ಮಾತು, ಈ ಎರಡರಲ್ಲಿ ಕಟ್ಟುನಿಟ್ಟು. ಮಿಕ್ಕಿದ್ದರಲ್ಲಿ ಶಾಸಕನಿಗೆ ತನ್ನ ಬುದ್ಧಿ, ತನ್ನ ಕ್ಷೇತ್ರ. ಪಕ್ಷ ಕಟ್ಟುವವರೆಲ್ಲ ಗೋಡೆಗೆ ಹಾಕಿಕೊಳ್ಳಬೇಕಾದ ವಿವೇಕ ಅದು. ನಡೆದದ್ದು ಮಾತ್ರ ಬೇರೆ. ವಿಪ್ ಎಲ್ಲಕ್ಕೂ ಬಂತು, ಅದರ ಭಯ ಸದನ ದಾಟಿ ತಾಲ್ಲೂಕು ಸಮಿತಿಯವರೆಗೂ ಇಳಿಯಿತು. ಪಕ್ಷಾಂತರವಾದರೂ ನಿಂತಿತೇ? 2003ರ 91ನೇ ತಿದ್ದುಪಡಿ ಮೂರನೇ ಒಂದು ಭಾಗದ ಒಡಕಿಗಿದ್ದ ರಿಯಾಯಿತಿಯನ್ನು ತೆಗೆಯಿತು. ಆಗ ರಾಜೀನಾಮೆ ಕೊಟ್ಟು, ಬೇರೆ ಚಿಹ್ನೆಯಲ್ಲಿ ಉಪಚುನಾವಣೆ ಗೆದ್ದು ಬರುವ ದಾರಿಯನ್ನು ನಮ್ಮ ರಾಜ್ಯವೇ ದೇಶಕ್ಕೆ ಕಲಿಸಿತು. 2019ರಲ್ಲಿ ಅನರ್ಹಗೊಂಡ ಹದಿನೇಳು ಶಾಸಕರ ಪ್ರಕರಣವನ್ನು ಯಾರೂ ಮರೆತಿಲ್ಲ. ಮಾತನಾಡುವವನ ಬಾಯಿ ಮುಚ್ಚಿತು, ಹೊರಡುವವನಿಗೆ ಬಾಗಿಲು ತೆರೆದೇ ಉಳಿಯಿತು.

ತತ್ವಕ್ಕೆ ಅಂಟಿಕೊಂಡರೆ ಏನಾಗುತ್ತದೆ ಎಂಬುದನ್ನು ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಸಮಾಜವಾದಿಗಳ ಏಳುಬೀಳು ನಮ್ಮ ಮನೆಯಂಗಳದಲ್ಲೇ ನಡೆದ ಕಥೆ. 1952ರ ಮೊದಲ ಚುನಾವಣೆಯಲ್ಲಿ ಗೋಪಾಲಗೌಡರು ಸಾಗರ–ಹೊಸನಗರದಿಂದ ಗೆದ್ದರು. 'ಒಂದು ವೋಟು, ಒಂದು ನೋಟು' ಎಂದು ಬೇಡಿ ಗೆದ್ದರು. ಮತ ಕೊಡುವವನೇ ಖರ್ಚಿಗೂ ಕೊಟ್ಟರೆ ಪಕ್ಷ ಅವನಿಗೆ ಋಣಿಯಾಗಿರುತ್ತದೆ ಎಂಬ ಆಳವಾದ ತಿಳಿವು ಆ ಘೋಷಣೆಯಲ್ಲಿತ್ತು. 1962 ಮತ್ತು 1967ರಲ್ಲಿ ತೀರ್ಥಹಳ್ಳಿ ಅವರನ್ನು ಕಳುಹಿಸಿತು.

ಅವರ ನಾಯಕ ಲೋಹಿಯಾ 1954ರಲ್ಲಿ ಮಾಡಿದ್ದನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ತಿರುವಾಂಕೂರು–ಕೊಚ್ಚಿಯಲ್ಲಿ ಪಟ್ಟಂ ತಾಣು ಪಿಳ್ಳೈ ಅವರ ಪ್ರಜಾ ಸಮಾಜವಾದಿ ಸರ್ಕಾರ ಇತ್ತು. ಆಗಸ್ಟ್‌ನಲ್ಲಿ ತಮಿಳು ಚಳವಳಿಗಾರರ ಮೇಲೆ ಪೊಲೀಸರು ಗುಂಡು ಹಾರಿಸಿ ಜನ ಸತ್ತರು. ಲೋಹಿಯಾ ಆಗ ಪಕ್ಷದ ಪ್ರಧಾನ ಕಾರ್ಯದರ್ಶಿ, ಇದ್ದದ್ದು ಜೈಲಿನಲ್ಲಿ. ನಮ್ಮ ಸರ್ಕಾರ ರಾಜೀನಾಮೆ ಕೊಡಲಿ ಎಂದು ಅಲ್ಲಿಂದಲೇ ಒತ್ತಾಯಿಸಿದರು. ನಿಶ್ಶಸ್ತ್ರ ಜನರ ಮೇಲೆ ಗುಂಡು ಹಾರಿಸುವುದನ್ನು ಕಾಂಗ್ರೆಸ್ ಸರ್ಕಾರ ಮಾಡಿದಾಗ ಖಂಡಿಸಿದವರು ತಮ್ಮ ಸರ್ಕಾರ ಮಾಡಿದಾಗ ಸುಮ್ಮನಿರುವುದು ಹೇಗೆ ಎಂಬುದು ಅವರ ಪ್ರಶ್ನೆ. ಪಕ್ಷ ಒಪ್ಪಲಿಲ್ಲ. ಅವರು ಪ್ರಧಾನ ಕಾರ್ಯದರ್ಶಿ ಸ್ಥಾನ ಬಿಟ್ಟರು. ಮರುವರ್ಷ ಒಡಕು ಪೂರ್ಣವಾಗಿ, 1955ರ ಕೊನೆಯಲ್ಲಿ ಹೈದರಾಬಾದಿನಲ್ಲಿ ಹೊಸ ಪಕ್ಷ ಹುಟ್ಟಿತು. ಕೊಳಗವನ್ನು ತನ್ನ ಮನೆಯ ಭತ್ತಕ್ಕೂ ಅದೇ ಅಂಗೈ ಎಳೆದು ಹಿಡಿದವರು ಭಾರತದ ರಾಜಕಾರಣದಲ್ಲಿ ಅಪರೂಪ. ಆ ಗಳಿಗೆಯಲ್ಲಿ ಅವರೇ ಸರಿ ಎಂದು ನನ್ನ ಖಚಿತವಾದ ಅಭಿಪ್ರಾಯ.

ಆದರೆ ಮುಂದಿನ ಲೆಕ್ಕವನ್ನೂ ಹೇಳಬೇಕು. 1952ರಲ್ಲಿ ಕೂಡಿದ ಪ್ರಜಾ ಸಮಾಜವಾದಿ ಪಕ್ಷ 1955ರಲ್ಲಿ ಒಡೆಯಿತು. 1964ರಲ್ಲಿ ಸಂಯುಕ್ತ ಸಮಾಜವಾದಿ ಪಕ್ಷವಾಗಿ ಕೂಡಿ ಮರುವರ್ಷ ಮತ್ತೆ ಒಡೆಯಿತು. 1971ರಲ್ಲಿ ಮತ್ತೊಮ್ಮೆ ಕೂಡಿ ಬೇಗನೆ ಮತ್ತೆ ಬಿರುಕು. ಗುಂಡು ಹಾರಿಸಿದ್ದು ತಪ್ಪೇ ಎಂಬಂಥ ದೊಡ್ಡ ಪ್ರಶ್ನೆಗೂ, ಯಾವ ಪಕ್ಷದ ಜೊತೆ ಸೇರಿ ಸರ್ಕಾರ ಮಾಡಬೇಕು ಎಂಬ ತಂತ್ರದ ಪ್ರಶ್ನೆಗೂ ಒಂದೇ ಕಾವು, ಒಂದೇ ಕೋಪ. ಎಲ್ಲವೂ ತತ್ವವಾದಾಗ ಎರಡು ಜನ ಒಂದು ಚಾಪೆಯ ಮೇಲೆ ಕೂರುವುದೂ ಕಷ್ಟ. ಗೋಪಾಲಗೌಡರು 1972ರಲ್ಲಿ ತೀರಿಕೊಂಡ ಮೇಲೆ ಇಲ್ಲಿಯ ಸಮಾಜವಾದಿಗಳು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದರು. ಕಾಗೋಡು ತಿಮ್ಮಪ್ಪ, ಎಸ್. ಬಂಗಾರಪ್ಪ ಕಾಂಗ್ರೆಸ್ಸಿಗೆ ಹೋದರು. ಶಿವಮೊಗ್ಗದಿಂದ 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತನಾಡಿದ ಜೆ.ಎಚ್. ಪಟೇಲರು ಜನತಾ ಪರಿವಾರಕ್ಕೆ ಹೋದರು.

ಇನ್ನೊಂದು ತುದಿಯಲ್ಲಿ ಕಾಂಗ್ರೆಸ್ ಇತ್ತು. ಅದರೊಳಗೆ ಜಮೀನ್ದಾರರಿದ್ದರು, ಗೇಣಿದಾರರ ಪರ ಕಾಯ್ದೆಗೆ ದುಡಿದ, ತೀರ್ಥಹಳ್ಳಿ ಸೀಮೆಯ ಕಡಿದಾಳ್ ಮಂಜಪ್ಪನವರೂ ಇದ್ದರು. ಒಂದೇ ಛತ್ರಿಯಡಿ ಬಲವೂ ಎಡವೂ ಇರುವ ಈ ಏರ್ಪಾಡನ್ನು ರಾಜ್ಯಶಾಸ್ತ್ರಜ್ಞ ರಜನಿ ಕೊಠಾರಿ 1960ರ ದಶಕದಲ್ಲಿ 'ಕಾಂಗ್ರೆಸ್ ವ್ಯವಸ್ಥೆ' ಎಂದು ಕರೆದರು. ವಿರೋಧ ಪಕ್ಷಗಳು ಮಾಡಬೇಕಾದ ಕೆಲಸದ ಬಹುಭಾಗವನ್ನು ಕಾಂಗ್ರೆಸ್ಸಿನ ಒಳಬಣಗಳೇ ಮಾಡುತ್ತಿದ್ದವು. ಆದರೆ ಆ ಛತ್ರಿಗೂ ಮಿತಿ ಇತ್ತು. 1934ರಿಂದ ಕಾಂಗ್ರೆಸ್ಸಿನೊಳಗೇ ಕಾಂಗ್ರೆಸ್ ಸಮಾಜವಾದಿ ಪಕ್ಷ ಇತ್ತು. ಸ್ವಾತಂತ್ರ್ಯ ಬಂದ ಕೂಡಲೇ, 1948ರಲ್ಲಿ, ಪಕ್ಷದೊಳಗೆ ಇನ್ನೊಂದು ಪಕ್ಷ ಇರಕೂಡದು ಎಂದು ಕಾಂಗ್ರೆಸ್ ತನ್ನ ನಿಯಮ ತಿದ್ದಿತು, ಸಮಾಜವಾದಿಗಳು ಹೊರನಡೆದರು. ಅವರು ಹೊರನಡೆಯದಿದ್ದರೆ ಕಾಗೋಡಿನ ಗೇಣಿದಾರರಿಗೆ ಮೂರು ವರ್ಷಗಳ ನಂತರ ಒಂದು ಪಕ್ಷದ ಬೆಂಬಲ ಸಿಗುತ್ತಿತ್ತೋ ಇಲ್ಲವೋ. ಒಳಗಿದ್ದ ಮಂಜಪ್ಪನವರೂ ಹೊರಗಿದ್ದ ಗೋಪಾಲಗೌಡರೂ ಒಂದೇ ದಿಕ್ಕಿಗೆ ದೂಡಿದ್ದರಿಂದಲೇ ಭೂಮಿಯ ಪ್ರಶ್ನೆ ಮುಂದೆ ಸಾಗಿ, ದೇವರಾಜ ಅರಸರ 1974ರ ಭೂಸುಧಾರಣಾ ತಿದ್ದುಪಡಿಯಲ್ಲಿ ದಡ ಮುಟ್ಟಿತು. ಪಕ್ಷ ಬಿಟ್ಟವನು ಮಾತ್ರ ತತ್ವನಿಷ್ಠ, ಒಳಗುಳಿದವನು ರಾಜಿಗಾರ ಎಂದು ಅವಸರದ ತೀರ್ಪು ಕೊಡುವವರು ಈ ಇತಿಹಾಸವನ್ನು ಓದಬೇಕು.

1977ರ ಜನತಾ ಪ್ರಯೋಗದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವ ಸಂಗತಿ. ತುರ್ತು ಪರಿಸ್ಥಿತಿಯ ವಿರೋಧ ಒಂದನ್ನು ಬಿಟ್ಟರೆ ಕೂಡಿಸುವ ದಾರ ಇರಲಿಲ್ಲ. ಜನಸಂಘದಿಂದ ಬಂದವರು ಜನತಾ ಪಕ್ಷದಲ್ಲೂ ಆರ್‌ಎಸ್‌ಎಸ್‌ನಲ್ಲೂ ಇರಬಹುದೇ ಎಂಬ ದ್ವಿಸದಸ್ಯತ್ವದ ಪ್ರಶ್ನೆ ಬಂದಾಗ ದಾರ ಹರಿಯಿತು. 1980ರ ಏಪ್ರಿಲ್‌ನಲ್ಲಿ ಭಾರತೀಯ ಜನತಾ ಪಕ್ಷ ಹುಟ್ಟಿತು, 'ಗಾಂಧಿವಾದಿ ಸಮಾಜವಾದ'ವನ್ನು ತನ್ನ ಆದರ್ಶ ಎಂದು ಘೋಷಿಸಿಕೊಂಡಿತು. ಆ ದಶಕ ಮುಗಿಯುವ ಹೊತ್ತಿಗೆ, 1989ರ ಪಾಲಂಪುರ ನಿರ್ಣಯದಲ್ಲಿ, ಅಯೋಧ್ಯೆ ಮುನ್ನೆಲೆಗೆ ಬಂತು.

ಶಿವಮೊಗ್ಗದಲ್ಲಿ ಆ ಪಕ್ಷ ಬೆಳೆದ ಬಗೆಯನ್ನು ದೆಹಲಿಯಿಂದ ನೋಡುವವರು ಸರಿಯಾಗಿ ಅಳೆಯಲಾರರು. ಶಿಕಾರಿಪುರದಲ್ಲಿ ಬಿ.ಎಸ್. ಯಡಿಯೂರಪ್ಪನವರು 1983ರಲ್ಲಿ ಮೊದಲ ಬಾರಿ ಗೆದ್ದದ್ದು, ಮುಂದೆ ಬೇರೂರಿದ್ದು, ಬಗರ್‌ಹುಕುಂ ರೈತರ, ಅಂದರೆ ಹಕ್ಕುಪತ್ರವಿಲ್ಲದೆ ಸರ್ಕಾರಿ ಜಮೀನು ಉಳುತ್ತಿದ್ದವರ, ಹೋರಾಟ, ಪಾದಯಾತ್ರೆಗಳ ಮೇಲೆ. ಸಮಾಜವಾದಿಗಳು ಉತ್ತು ಬಿಟ್ಟ ನೆಲದಲ್ಲಿ ಇನ್ನೊಂದು ಬೀಜ ಬಿತ್ತಲಾಯಿತು. ಸಂಘದ ಶಾಖೆಯಿಂದ ಬಂದವರೂ, ಸಾಗುವಳಿ ಚೀಟಿಗಾಗಿ ಬಂದವರೂ ಒಂದೇ ಬಾವುಟದಡಿ ನಿಂತರು. ಇದೂ ಒಳವೈವಿಧ್ಯವೇ. ಅದು ಎಷ್ಟು ಗಟ್ಟಿ ಎಂಬ ಪರೀಕ್ಷೆ 2012ರ ಕೊನೆಯಲ್ಲಿ ಬಂತು. ಯಡಿಯೂರಪ್ಪ ಹೊರಬಂದು ಕರ್ನಾಟಕ ಜನತಾ ಪಕ್ಷ ಕಟ್ಟಿದರು. 2013ರ ಚುನಾವಣೆಯಲ್ಲಿ ಅವರಿಗೆ ಸಿಕ್ಕಿದ್ದು ಆರು ಸ್ಥಾನ, ಬಿಜೆಪಿ ನಲವತ್ತಕ್ಕೆ ಇಳಿಯಿತು. 2014ರ ಜನವರಿಗೆ ಎಲ್ಲರೂ ಮತ್ತೆ ಒಂದು. ಹೋದಾಗ ತತ್ವದ ಯಾವ ವ್ಯತ್ಯಾಸವನ್ನೂ ಜನರ ಮುಂದೆ ಬಿಡಿಸಿ ಇಡಲಿಲ್ಲ, ಬಂದಾಗ ಯಾವುದು ಬಗೆಹರಿಯಿತು ಎಂದೂ ಹೇಳಲಿಲ್ಲ. ಹತ್ತು ವರ್ಷಗಳ ಮೇಲೆ, 2024ರ ಲೋಕಸಭಾ ಚುನಾವಣೆಯಲ್ಲಿ, ಅದೇ ಪಕ್ಷದ ಹಿರಿಯರಾದ ಕೆ.ಎಸ್. ಈಶ್ವರಪ್ಪ ಪಕ್ಷೇತರರಾಗಿ ನಿಂತರು, ಉಚ್ಚಾಟಿತರಾದರು. ತಾನು ಹಿಂದುತ್ವಕ್ಕೂ ನರೇಂದ್ರ ಮೋದಿಯವರಿಗೂ ನಿಷ್ಠ, ತನ್ನ ವಿರೋಧ ಒಂದು ಕುಟುಂಬದ ಹಿಡಿತಕ್ಕೆ ಎಂಬುದು ಅವರ ವಾದ. ಅವರ ರಾಜಕಾರಣವನ್ನು ಒಪ್ಪದವರೂ ಈ ಪ್ರಕರಣವನ್ನು ಗಮನಿಸಬೇಕು. ನಾನು ತತ್ವಕ್ಕೆ ನಿಷ್ಠ, ಪಕ್ಷ ತಪ್ಪುತ್ತಿದೆ ಎಂದು ಒಬ್ಬರು ಹೇಳಿದಾಗ ಅದನ್ನು ಕುಳಿತು ಅಳೆದು ನೋಡುವ ಕಟ್ಟೆ ಪಕ್ಷದೊಳಗೆ ಇರಲಿಲ್ಲ. ಅಳತೆ ಬೀದಿಗೆ, ಮತಪೆಟ್ಟಿಗೆಗೆ ಬಂತು. ಮತಪೆಟ್ಟಿಗೆ ಯಾರು ಗೆದ್ದರು ಎಂಬುದನ್ನು ಹೇಳುತ್ತದೆ, ಯಾರು ಸರಿ ಎಂಬುದನ್ನು ಹೇಳುವುದಿಲ್ಲ.

ಬಂಗಾರಪ್ಪನವರ ಬಗ್ಗೆ ಒಂದು ಮಾತು. ಶಿವಮೊಗ್ಗದಿಂದ ಅವರು ನಾಲ್ಕು ಬಾರಿ ಲೋಕಸಭೆಗೆ ಗೆದ್ದರು, ನಾಲ್ಕು ಬಾರಿಯೂ ಬೇರೆ ಬೇರೆ ಪಕ್ಷ: 1996ರಲ್ಲಿ ತಾವೇ ಕಟ್ಟಿದ್ದು, 1999ರಲ್ಲಿ ಕಾಂಗ್ರೆಸ್, 2004ರಲ್ಲಿ ಬಿಜೆಪಿ, 2005ರ ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷ. ಇದನ್ನು ಅವಕಾಶವಾದ ಎಂದು ತಳ್ಳಿಹಾಕುವುದು ಸುಲಭ. ಸೊರಬ, ಸಾಗರದ ಹಳ್ಳಿಗಳಲ್ಲಿ ಕೇಳಿದರೆ ಬೇರೆ ಉತ್ತರ ಸಿಗುತ್ತದೆ. ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್, ಆಶ್ರಯ ಮನೆ, ಗ್ರಾಮೀಣ ಕೃಪಾಂಕ ಕೊಟ್ಟವರು ಎಂದು ಅವರನ್ನು ಜನ ನೆನೆಯುತ್ತಾರೆ. ಆ ಮತದಾರರ ಪಾಲಿಗೆ ತತ್ವ ಚಿಹ್ನೆಯಲ್ಲಿರಲಿಲ್ಲ, ಆ ಮನುಷ್ಯನಲ್ಲಿತ್ತು. ನನಗೆ ಅವರ ಮೇಲಿನ ಪ್ರೀತಿ ಅರ್ಥವಾಗುತ್ತದೆ. ಆದರೆ ತತ್ವ ವ್ಯಕ್ತಿಯಲ್ಲಿ ನೆಲೆಸಿದಾಗ ಆ ವ್ಯಕ್ತಿಯ ನಂತರ ಅದು ಎಲ್ಲಿಗೆ ಹೋಗಬೇಕು? ಸೊರಬದಲ್ಲಿ ಅವರ ಇಬ್ಬರು ಮಕ್ಕಳು ಎರಡು ಪಕ್ಷಗಳಿಂದ ಚುನಾವಣೆಯ ಮೇಲೆ ಚುನಾವಣೆ ಎದುರುಬದುರಾದರು. ಒಂದೇ ತಂದೆಯ ನೆನಪನ್ನು ಇಬ್ಬರೂ ಮುಂದಿಟ್ಟು ಮತ ಕೇಳುವಾಗ, ಆ ನೆನಪಿನೊಳಗಿನ ವಿಚಾರ ಯಾವುದು ಎಂದು ಮತದಾರ ತಾನೇ ಹುಡುಕಿಕೊಳ್ಳಬೇಕಾಯಿತು.

ಈಗ ಇವತ್ತಿನ ಉರಿಯುವ ವಿಷಯಕ್ಕೆ ಬರುತ್ತೇನೆ. ಮಲೆನಾಡಿನಲ್ಲಿ ಪಕ್ಷಗಳ ಒಳಗಿನ ದೊಡ್ಡ ಬಿರುಕು ಎಡ–ಬಲದ್ದಲ್ಲ, ಮೇಲು–ಕೆಳಗಿನದು. ದೆಹಲಿಯ ಪಕ್ಷ, ಬೆಂಗಳೂರಿನ ಪಕ್ಷ ಮತ್ತು ಹೊಸನಗರದ ಪಕ್ಷ ಒಂದೇ ಹೆಸರಿನ ಮೂರು ಪಕ್ಷಗಳಾಗಿವೆ. ಪಶ್ಚಿಮಘಟ್ಟದ ಕಥೆಯನ್ನೇ ನೋಡಿ. ಘಟ್ಟದ ಪರಿಸರ ಉಳಿಸುವ ಬಗೆಯನ್ನು ಹೇಳಲು ಮಾಧವ ಗಾಡ್ಗೀಳ್ ಸಮಿತಿಯನ್ನು 2010ರಲ್ಲಿ ನೇಮಿಸಿದ್ದು ಕಾಂಗ್ರೆಸ್ ನೇತೃತ್ವದ ಯುಪಿಎ ಸರ್ಕಾರ. ಅದರ ವರದಿ 2011ರಲ್ಲಿ ಬಂತು, ಯಾರಿಗೂ ಹಿಡಿಸಲಿಲ್ಲ. ಕಸ್ತೂರಿರಂಗನ್ ನೇತೃತ್ವದ ಕಾರ್ಯತಂಡವನ್ನು ನೇಮಿಸಿದ್ದೂ ಅದೇ ಸರ್ಕಾರ. 2013ರ ಆ ವರದಿ ಘಟ್ಟದ ಸುಮಾರು 37 ಶೇಕಡಾ ಪ್ರದೇಶವನ್ನು ಪರಿಸರ ಸೂಕ್ಷ್ಮ ಎಂದು ಗುರುತಿಸಿತು. 2014ರ ಮಾರ್ಚ್‌ನಲ್ಲಿ ಮೊದಲ ಕರಡು ಅಧಿಸೂಚನೆ ಬಂತು. ಕೇಂದ್ರದಲ್ಲಿ ಸರ್ಕಾರ ಬದಲಾಯಿತು, ಕರಡು ಮಾತ್ರ ಮತ್ತೆ ಮತ್ತೆ ಹೊರಬಿದ್ದಿತು. ವಯನಾಡಿನಲ್ಲಿ ಗುಡ್ಡ ಕುಸಿದ ಮರುದಿನ, 2024ರ ಜುಲೈ 31ರಂದು, ಆರನೆಯದು ಬಂತು. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಸೆಪ್ಟೆಂಬರ್‌ನಲ್ಲಿ ರಾಜ್ಯದ ಕಾಂಗ್ರೆಸ್ ಸಚಿವ ಸಂಪುಟ ವರದಿಯನ್ನು ತಿರಸ್ಕರಿಸಿತು. ಅದಕ್ಕೂ ಮೊದಲಿದ್ದ ಬಿಜೆಪಿ ಸರ್ಕಾರದ ನಿಲುವೂ ತಿರಸ್ಕಾರವೇ.

ಈ ಲೆಕ್ಕವನ್ನು ಸಾವಧಾನವಾಗಿ ನೋಡಬೇಕು. ಸಮಿತಿ ನೇಮಿಸಿದ ಪಕ್ಷವೇ ಇಲ್ಲಿ ತಿರಸ್ಕರಿಸುತ್ತದೆ, ಕರಡು ಹೊರಡಿಸಿದ ಪಕ್ಷವೇ ಇಲ್ಲಿ ಪ್ರತಿಭಟನೆಗೆ ಕೂರುತ್ತದೆ. ತೀರ್ಥಹಳ್ಳಿಯಲ್ಲಿ ಎರಡೂ ಪಕ್ಷಗಳ ಭಾಷಣ ಕೇಳಿದರೆ ಮಾತು ಒಂದೇ. ಮಲೆನಾಡಿಗನ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಶರಾವತಿಗೆ ಲಿಂಗನಮಕ್ಕಿ ಕಟ್ಟಿ ಅರ್ಧ ಶತಮಾನ ದಾಟಿದರೂ ಮುಳುಗಡೆ ಸಂತ್ರಸ್ತರ ಭೂಮಿಯ ಹಕ್ಕು ಇನ್ನೂ ಕಡತಗಳಲ್ಲಿ ಅಲೆಯುತ್ತಿರುವಾಗ, ಮತ್ತೊಂದು ಅಧಿಸೂಚನೆ ಎಂದರೆ ಎದೆ ಝಲ್ಲೆನ್ನುವುದು ಸಹಜ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದವರು ಮೂರು ತಲೆಮಾರಿನ, ಅಂದರೆ 75 ವರ್ಷಗಳ ನೆಲೆಯನ್ನು ಸಾಬೀತು ಮಾಡಬೇಕು. ಅಜ್ಜ ಯಾವ ಕಾಗದ ಇಟ್ಟಿದ್ದ ಎಂದು ಹುಡುಕಿ ಸೋತವರ ಮನೆಗಳು ಪ್ರತಿ ಹಳ್ಳಿಯಲ್ಲಿವೆ. ಅವರ ಪರ ಮಾತನಾಡುವುದು ಸ್ಥಳೀಯ ಘಟಕದ ಧರ್ಮ. ನನ್ನ ದೂರು ಇಷ್ಟೇ: ಆ ಮಾತು ಪಕ್ಷದೊಳಗೆ ಮೇಲಕ್ಕೆ ಹೋಗುವುದಿಲ್ಲ. ಮೇಲಿನವರು ಘಟ್ಟ ಉಳಿಯಬೇಕು ಎನ್ನುತ್ತಾರೆ, ಕೆಳಗಿನವರು ವರದಿ ಬೇಡ ಎನ್ನುತ್ತಾರೆ. ಇಬ್ಬರೂ ಒಂದೇ ಕೋಣೆಯಲ್ಲಿ ಕುಳಿತು, ಗುಡ್ಡವೂ ಉಳಿಯಬೇಕು ಗದ್ದೆಯೂ ಉಳಿಯಬೇಕು ಎಂದರೆ ಗಣಿಗೆ ಯಾವ ನಿಯಮ, ಮನೆ ಕಟ್ಟುವುದಕ್ಕೆ ಯಾವ ನಿಯಮ, ಗ್ರಾಮಸಭೆಗೆ ಯಾವ ಅಧಿಕಾರ ಎಂದು ಬಿಡಿಸಿ ಬರೆದ ಒಂದು ಪುಟವನ್ನು ಯಾವ ಪಕ್ಷವೂ ನಮ್ಮ ಮುಂದೆ ಇಟ್ಟಿಲ್ಲ. ಶರಾವತಿ ಕಣಿವೆಯ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯ ವಿಷಯದಲ್ಲೂ ಸರ್ಕಾರಗಳು ಬದಲಾದವು, ಯೋಜನೆ ಮುಂದುವರಿಯಿತು, ಅದನ್ನು ವಿರೋಧಿಸುವ ಸ್ಥಳೀಯ ಜನರ ದನಿ ಪಕ್ಷಗಳ ನಿರ್ಣಯ ಪುಸ್ತಕದ ಹೊರಗೇ ಉಳಿಯಿತು.

ಜಾತಿ ಸಮೀಕ್ಷೆಯೂ ಇಂಥದೇ. ಸಾಮಾಜಿಕ ನ್ಯಾಯ ನಮ್ಮ ಮೂಲತತ್ವ ಎಂದು ಕಾಂಗ್ರೆಸ್ ದೇಶದಾದ್ಯಂತ ಹೇಳುತ್ತಿರುವಾಗಲೇ, 2025ರ ಏಪ್ರಿಲ್‌ನಲ್ಲಿ ವರದಿ ಸಂಪುಟದ ಮುಂದೆ ಬಂದಾಗ ಸಚಿವರು, ಶಾಸಕರು ತಂತಮ್ಮ ಸಮುದಾಯದ ಲೆಕ್ಕದಲ್ಲಿ ಬೇರೆಯಾದರು. ಜೂನ್‌ನಲ್ಲಿ ವರಿಷ್ಠರ ಸೂಚನೆ ಬಂದು, ಸೆಪ್ಟೆಂಬರ್‌ನಲ್ಲಿ ಹೊಸ ಸಮೀಕ್ಷೆ ಆರಂಭವಾಯಿತು. ಸಂಖ್ಯೆಯಲ್ಲಿ ತಪ್ಪಿದೆ ಎನ್ನುವುದು ಮಾಹಿತಿಯ ಭಿನ್ನಮತ, ಅದಕ್ಕೆ ಪೂರ್ಣ ಅವಕಾಶ ಬೇಕು. ಎಣಿಕೆಯೇ ಬೇಡ ಎನ್ನುವುದು ತತ್ವದ ಭಿನ್ನಮತ, ಅದಕ್ಕೆ ಪಕ್ಷ ಸ್ಪಷ್ಟವಾಗಿ ಉತ್ತರಿಸಬೇಕು. ಎರಡನ್ನೂ ಒಂದೇ ಗೋಣಿಯಲ್ಲಿ ತುಂಬಿ ಸಮಯ ದೂಡಿದರೆ ಭಿನ್ನಮತಕ್ಕೂ ಗೌರವ ಸಿಗುವುದಿಲ್ಲ, ತತ್ವಕ್ಕೂ ಸಿಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ನಮ್ಮ ಅಡಿಕೆ ತೋಟಕ್ಕೆ ಸುತ್ತ ಅಗಳು, ಅಂದರೆ ಆಳದ ಕಂದಕ, ಇರುತ್ತದೆ. ಒಳಗೆ ಅಡಿಕೆ ಮರಕ್ಕೆ ಕಾಳುಮೆಣಸು ಹಬ್ಬಿರುತ್ತದೆ, ನೆರಳಲ್ಲಿ ಏಲಕ್ಕಿ, ನಡುವೆ ಬಾಳೆ. ಬಾಳೆ ಏಕೆ ಅಡಿಕೆಯಂತೆ ನೆಟ್ಟಗಿಲ್ಲ ಎಂದು ಯಾರೂ ಕೇಳುವುದಿಲ್ಲ. ಅಗಳು ಕುಸಿದರೆ ಮಾತ್ರ ಅದೇ ದಿನ ಗುದ್ದಲಿ ಹಿಡಿಯುತ್ತಾರೆ. ಪಕ್ಷದ ಮೂಲತತ್ವ ಅಗಳಿನ ಹಾಗೆ ಇರಬೇಕು: ಆಳವಾಗಿ, ಎಲ್ಲರ ಕಣ್ಣಿಗೂ ಕಾಣುವಂತೆ, ಕಡಿಮೆ ಜಾಗದಲ್ಲಿ. ನಾಲ್ಕೈದು ಸಾಲಿಗಿಂತ ಹೆಚ್ಚು ಬೇಡ. ಮತ್ತು ಆ ಸಾಲುಗಳು ಮೊದಲು ನಾಯಕನನ್ನು ಕಟ್ಟಿಹಾಕುವಂತಿರಬೇಕು. ಯಾವ ತತ್ವದಿಂದ ಅಧ್ಯಕ್ಷನಿಗೆ, ಮುಖ್ಯಮಂತ್ರಿಗೆ ಒಮ್ಮೆಯೂ ತೊಂದರೆಯಾಗುವುದಿಲ್ಲವೋ ಅದನ್ನು ತತ್ವ ಎಂದು ಒಪ್ಪಲು ನಾನು ಸಿದ್ಧನಿಲ್ಲ. ಭೂಮಿ, ತೆರಿಗೆ, ಮೀಸಲಾತಿಯ ಪ್ರಮಾಣ, ಅರಣ್ಯದ ಗಡಿ ಇವೆಲ್ಲ ನೀತಿಯ ವಿಷಯಗಳು. ಸಭೆಯಲ್ಲಿ ಗಂಟೆಗಟ್ಟಲೆ ಕಾದಾಡಲಿ, ಸೋತವನ ಹೆಸರು ಮತ್ತು ಕಾರಣ ನಡಾವಳಿಯಲ್ಲಿ ದಾಖಲಾಗಲಿ. ಯಾರ ಜೊತೆ ಮೈತ್ರಿ, ಯಾವಾಗ ಪಾದಯಾತ್ರೆ ಎಂಬ ತಂತ್ರವನ್ನು ನಾಯಕರಿಗೆ ಬಿಟ್ಟುಕೊಡೋಣ. ಇಂದು ನಡೆಯುತ್ತಿರುವುದು ಇದರ ತಲೆಕೆಳಗು. ತಂತ್ರಕ್ಕೆ ವಿರೋಧ ಹೇಳಿದವನಿಗೆ ನೋಟಿಸು ಬರುತ್ತದೆ, ತತ್ವಕ್ಕೆ ಎಳ್ಳುನೀರು ಬಿಟ್ಟವನಿಗೆ ಬಿ ಫಾರಂ, ಅಂದರೆ ಪಕ್ಷದ ಟಿಕೆಟ್, ಸಿಗುತ್ತದೆ. ಆ ಬಿ ಫಾರಂ ಯಾರಿಗೆ ಎಂದು ತೀರ್ಮಾನಿಸುವಲ್ಲಿ ಕ್ಷೇತ್ರದ ಸದಸ್ಯರಿಗೆ ಒಂದು ಮತ ಕೂಡ ಇಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು ಚುನಾವಣೆ ವರ್ಷಗಟ್ಟಲೆ ಮುಂದೆ ಹೋದಾಗ ಕೆಳಗಿನ ಕಾರ್ಯಕರ್ತ ತನ್ನ ಬಲ ತೋರಿಸುವ ಏಣಿಯೂ ಹೋಯಿತು. ಏಣಿ ಇಲ್ಲದವನು ಮೇಲಿನವರ ಕೈ ಹಿಡಿಯಬೇಕು; ಕೈ ಹಿಡಿದವನು ಎದುರು ಮಾತನಾಡಲಾರ.

ಇದು ಆಗದ ಮಾತು ಎನ್ನುವವರು ನಮ್ಮ ಸಹಕಾರಿ ಸಂಘಗಳನ್ನು ನೋಡಲಿ. ಅಲ್ಲಿಯೂ ರಾಜಕೀಯ ಇದೆ, ಪೈಪೋಟಿ ಇದೆ. ಆದರೂ ಸಾಲದ ವಿಷಯದಲ್ಲಿ ಒಬ್ಬ ನಿರ್ದೇಶಕ ಒಪ್ಪದಿದ್ದರೆ 'ನನ್ನ ಆಕ್ಷೇಪವನ್ನು ನಮೂದಿಸಿ' ಎನ್ನುತ್ತಾನೆ, ನಮೂದಾಗುತ್ತದೆ, ಮುಂದಿನ ತಿಂಗಳೂ ಅವನು ಅದೇ ಕುರ್ಚಿಯಲ್ಲಿ ಕೂರುತ್ತಾನೆ. ಭಿನ್ನಮತ ದಾಖಲಾದ ಮಾತ್ರಕ್ಕೆ ಸಂಘ ಒಡೆಯುವುದಿಲ್ಲ.

ಒಂದು ಮಳೆಗಾಲದಲ್ಲಿ ಹೊಸನಗರದ ಕಡೆ ಪಕ್ಷವೊಂದರ ಹೋಬಳಿ ಮಟ್ಟದ ಸಭೆಗೆ ಹೋಗಿದ್ದೆ. ಹಂಚಿನ ಮಾಡಿನ ಮೇಲೆ ಮಳೆಯ ಸದ್ದಿಗೆ ಮೈಕೂ ಸೋಲುತ್ತಿತ್ತು. ಬಾಗಿಲಲ್ಲಿ ಮೇಜಿನ ಮೇಲೆ ನಡಾವಳಿ ಪುಸ್ತಕ ಇತ್ತು. ಬಂದವರೆಲ್ಲ ಸಾಲಾಗಿ ಸಹಿ ಹಾಕಿ ಒಳಗೆ ಹೋಗುತ್ತಿದ್ದರು. ಸಹಿಗಳ ಮೇಲೆ ಅರ್ಧ ಪುಟ ಖಾಲಿ ಬಿಟ್ಟಿತ್ತು. ನಿರ್ಣಯವನ್ನು ಆಮೇಲೆ ಬರೆಯಲಿಕ್ಕೆ. ಸಭೆಯಲ್ಲಿ ಎಪ್ಪತ್ತು ದಾಟಿದ ಒಬ್ಬರು ಎದ್ದು, ಘಟ್ಟದ ಅಧಿಸೂಚನೆಯ ಬಗ್ಗೆ ನಮ್ಮ ಪಕ್ಷದ ನಿಲುವು ಏನು, ನಮ್ಮೂರಲ್ಲಿ ಕೇಳುತ್ತಾರೆ, ಏನು ಹೇಳಲಿ ಎಂದರು. ಮೇಲಿನಿಂದ ಬಂದ ಮೇಲೆ ತಿಳಿಸುತ್ತೇವೆ ಎಂಬ ಉತ್ತರ ಬಂತು. ಅವರು ಕುಳಿತರು. ಸನ್ಮಾನವಾಯಿತು, ಉಪ್ಪಿಟ್ಟು ಕಾಫಿ ಆಯಿತು. ಹೊರಡುವಾಗ ಅವರು ಮೇಜಿನ ಬಳಿ ನಿಂತು ಪುಸ್ತಕ ತಿರುಗಿಸಿಕೊಂಡರು, ತಮ್ಮ ಸಹಿ ಎಲ್ಲಿದೆ ಎಂದು ಬೆರಳಿಟ್ಟು ಹುಡುಕಿದರು, ಜೇಬಿನಿಂದ ಪೆನ್ನು ತೆಗೆದು ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದರು: 'ಅಧಿಸೂಚನೆ ವಿಷಯ ಕೇಳಿದ್ದೇನೆ. ಚರ್ಚೆ ಆಗಲಿಲ್ಲ.' ದಿನಾಂಕ ಹಾಕಿದರು. ಪುಸ್ತಕ ಮುಚ್ಚಿ, ಮೂಲೆಯಲ್ಲಿ ಒರಗಿಸಿಟ್ಟಿದ್ದ ಛತ್ರಿ ತೆಗೆದುಕೊಂಡು, ಸಂಜೆಯ ಬಸ್ಸಿಗೆ ನಡೆದರು.